ಹೊಟ್ಟೆಯಲ್ಲಿರುವಾಗ ಬಂದ ಜ್ವರ: ಸ್ಕಿಜೋಫ್ರೇನಿಯಾ ಮತ್ತು ಮಿದುಳಿನ ಉರಿಯೂತ

ಬದಿಯಡ್ಕದಿಂದ ಮುಳ್ಳೇರಿಯಾಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ನಮ್ಮ ನೆರೆಕರೆಯ ಮನೆಯೊಂದರ ಅಂಗಳದಲ್ಲಿ, ಒಣಹಾಕಿದ ಅಡಿಕೆಯನ್ನು ಮಗುಚುತ್ತಿದ್ದ ತಾಯಿಯೊಬ್ಬರು ಕೈಯ ಕೆಲಸ ನಿಲ್ಲಿಸದೆಯೇ ನನ್ನಲ್ಲಿ ಒಂದು ಪ್ರಶ್ನೆ ಕೇಳಿದರು: “ಮಾಷ್ಟ್ರೇ, ಇವ ಹೊಟ್ಟೆಯಲ್ಲಿರುವಾಗ, ಐದು ತಿಂಗಳಾಗಿರುವಾಗ, ನನಗೆ ಜೋರು ಜ್ವರ ಬಂದಿತ್ತು. ಒಂದು ವಾರ ಎದ್ದಿರಲಿಲ್ಲ. ಈಗ ಇವನಿಗೆ ಆದದ್ದು ಅದರಿಂದವಾ?” ಮಗನಿಗೆ ಆಗ 21 ವರ್ಷ. ಕಾಲೇಜಿಗೆ ಹೋಗುತ್ತಿದ್ದ ಹುಡುಗ ಒಂದು ಮಳೆಗಾಲ ಕಳೆಯುವುದರೊಳಗೆ ಗೆಳೆಯರಿಂದ ದೂರವಾಗಿ, ಕೋಣೆಯ ಕಿಟಕಿಗೆ ಬಟ್ಟೆ ಕಟ್ಟಿ, ತನ್ನ ಆಲೋಚನೆಗಳು ಬೇರೆಯವರಿಗೆ ಕೇಳಿಸುತ್ತಿವೆ, ಇಬ್ಬರು ತನ್ನ ವಿಷಯವನ್ನೇ ಮಾತಾಡುವ ದನಿ ರಾತ್ರಿಯಿಡೀ ಬರುತ್ತದೆ ಎಂದು ಹೇಳತೊಡಗಿದ್ದನು. ಮನೆಯವರು ಮೊದಲು ಜೋಯಿಸರಲ್ಲಿ ಪ್ರಶ್ನೆ ಇಡಿಸಿದ್ದರು. ಕೈವಿಷ ಬಿದ್ದಿದೆ ಎಂದು ಯಾರೋ ಹೇಳಿದ್ದಕ್ಕೆ ಅದಕ್ಕೂ ಮದ್ದು ಮಾಡಿಸಿದ್ದರು. ನೆತ್ತಿಗೆ ತಂಪಿನ ಎಣ್ಣೆ ಇಟ್ಟಿದ್ದರು. ಏಳೆಂಟು ತಿಂಗಳ ಬಳಿಕ ಮಂಗಳೂರಿನ ಮನೋವೈದ್ಯರೊಬ್ಬರು ಸ್ಕಿಜೋಫ್ರೇನಿಯಾ ಎಂದು ಕಾಯಿಲೆಯ ಹೆಸರು ಹೇಳಿದ್ದರು.

ನಾನು ವೈದ್ಯನಲ್ಲ; ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಆ ದಿನ ಅವರಿಗೆ ನಾನು ಕೊಟ್ಟ ಉತ್ತರ ಅರ್ಧಂಬರ್ಧದ್ದಾಗಿತ್ತು. ಅವರ ಪ್ರಶ್ನೆ ಮಾತ್ರ ಅರ್ಧಂಬರ್ಧದ್ದಲ್ಲ. ಸೋಂಕು, ಜ್ವರ, ದೇಹದ ರಕ್ಷಣಾ ವ್ಯವಸ್ಥೆ ಕೆರಳುವುದು, ಇವುಗಳಿಗೂ ಬುದ್ಧಿ ಹದ ತಪ್ಪುವುದಕ್ಕೂ ಸಂಬಂಧವಿದೆಯೇ ಎಂಬುದನ್ನು ಸಂಶೋಧಕರು ನೂರು ವರ್ಷಗಳಿಗಿಂತ ಹೆಚ್ಚು ಕಾಲದಿಂದ ಕೇಳುತ್ತಲೇ ಇದ್ದಾರೆ, ಮತ್ತು ಕಳೆದ ಎರಡು ದಶಕಗಳಲ್ಲಿ ಅದಕ್ಕೆ ಸಿಕ್ಕಿರುವ ಉತ್ತರಗಳು ಮೊದಲಿಗಿಂತ ಬಹಳ ಸ್ಪಷ್ಟವಾಗಿವೆ.

ಮೊದಲು ಪದದ ವಿಷಯ. ಇಂಗ್ಲಿಷಿನ ‘ಇನ್‌ಫ್ಲಮೇಷನ್’ ಎಂಬುದಕ್ಕೆ ಕನ್ನಡದಲ್ಲಿ ‘ಉರಿಯೂತ’ ಎಂಬ ಪದವಿದೆ. ಉರಿ ಮತ್ತು ಊತ ಸೇರಿ ಆದದ್ದು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಕೆಂಪು, ಊತ, ಬಿಸಿ, ನೋವು ಎಂದು ನಾಲ್ಕು ಲಕ್ಷಣಗಳನ್ನು ಹೇಳಿದ್ದನು. ಕನ್ನಡದ ಪದ ಅವುಗಳಲ್ಲಿ ಎರಡನ್ನು ತನ್ನೊಳಗೇ ಇಟ್ಟುಕೊಂಡಿದೆ. ಕಾಲಿಗೆ ಮುಳ್ಳು ಚುಚ್ಚಿದ ಮರುದಿನ ಆ ಜಾಗ ಕೆಂಪಾಗಿ, ಬೆಚ್ಚಗಾಗಿ, ಊದಿಕೊಳ್ಳುವುದನ್ನು ಬಲ್ಲ ಎಲ್ಲರಿಗೂ ಇದು ಸುಲಭವಾಗಿ ತಿಳಿಯುತ್ತದೆ. ತೊಂದರೆಯೆಂದರೆ, ನಮ್ಮ ಕರಾವಳಿಯ ಮಾತಿನಲ್ಲಿ ಚಿಂತೆಗೂ ತಲೆಕೆಡುವುದಕ್ಕೂ ‘ಮಂಡೆಬಿಸಿ’ ಎನ್ನುತ್ತೇವೆ, ತುಳುವಿನಲ್ಲಿ ‘ಮಂಡೆಬೆಚ್ಚ’ ಎನ್ನುತ್ತಾರೆ. ಹಾಗಾಗಿ ‘ಮಿದುಳಿನ ಉರಿಯೂತ’ ಎಂದ ಕೂಡಲೇ ತಲೆಯೊಳಗೆ ಬಿಸಿ ಏರಿದೆ, ತಂಪು ಮಾಡಿದರೆ ಇಳಿಯುತ್ತದೆ ಎಂಬ ಚಿತ್ರ ಮೂಡುವುದು ಸಹಜ. ಸ್ಕಿಜೋಫ್ರೇನಿಯಾದ ಸಂದರ್ಭದಲ್ಲಿ ಸಂಶೋಧಕರು ಹೇಳುವ ಉರಿಯೂತ ಆ ಬಗೆಯದಲ್ಲ. ಅಲ್ಲಿ ಮಿದುಳು ಊದುವುದಿಲ್ಲ, ತಲೆ ಬಿಸಿಯಾಗುವುದಿಲ್ಲ, ನೋವೂ ಇರಬೇಕಾಗಿಲ್ಲ. ರಕ್ಷಣಾ ವ್ಯವಸ್ಥೆಯ ಕೆಲವು ಕೋಶಗಳು ಮತ್ತು ಅವು ಹೊರಬಿಡುವ ರಾಸಾಯನಿಕಗಳು ಹದಕ್ಕಿಂತ ತುಸು ಹೆಚ್ಚು, ಅಥವಾ ಹೊತ್ತಲ್ಲದ ಹೊತ್ತಿನಲ್ಲಿ, ಚುರುಕಾಗಿರುತ್ತವೆ ಎಂಬಷ್ಟೇ ಅದರ ಅರ್ಥ. ಹೆಸರು ಒಂದೇ ಆದರೂ ಸಂಗತಿ ಬೇರೆ.

ಕಾಯಿಲೆಯ ಹೆಸರಿನಲ್ಲಿಯೂ ಇಂಥ ತೊಡಕಿದೆ. ಸ್ವಿಟ್ಜರ್ಲೆಂಡಿನ ಯೂಗೆನ್ ಬ್ಲಾಯ್ಲರ್ 1908ರಲ್ಲಿ ಗ್ರೀಕ್ ಪದಗಳಿಂದ ‘ಸ್ಕಿಜೋಫ್ರೇನಿಯಾ’ ಎಂಬ ಹೆಸರನ್ನು ಕಟ್ಟಿದನು. ಅದರ ಅಕ್ಷರಾರ್ಥವನ್ನು ಹಿಡಿದು ‘ಛಿದ್ರಮನಸ್ಕತೆ’ ಎಂದು ಕನ್ನಡದಲ್ಲಿ ಬರೆದಾಗ, ಒಬ್ಬನಲ್ಲಿ ಇಬ್ಬರು ಇರುವ ಕಾಯಿಲೆ ಎಂದು ಜನ ತಿಳಿಯುತ್ತಾರೆ. ಅದು ತಪ್ಪು. ಇಲ್ಲದ ದನಿ ಕೇಳುವುದು, ಯಾವ ಪುರಾವೆಗೂ ಜಗ್ಗದ ಹುಸಿನಂಬಿಕೆ, ಆಲೋಚನೆಯ ಕೊಂಡಿ ತಪ್ಪುವುದು, ಮಾತು ಮತ್ತು ಉತ್ಸಾಹ ಬತ್ತುವುದು, ಏಕಾಗ್ರತೆ ಮತ್ತು ನೆನಪು ಕುಂದುವುದು, ಇವುಗಳಲ್ಲಿ ಹಲವು ಸೇರಿ ತಿಂಗಳುಗಟ್ಟಲೆ ಇರುವುದೇ ಈ ಕಾಯಿಲೆ. ಜಗತ್ತಿನಲ್ಲಿ ಸುಮಾರು 300 ಮಂದಿಗೆ ಒಬ್ಬರಂತೆ 2.4 ಕೋಟಿ ಜನರಿಗೆ ಇದು ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜು. ಗಂಡಸರಲ್ಲಿ ಹೆಚ್ಚಾಗಿ ಹದಿಹರೆಯದ ಕೊನೆಯಿಂದ ಇಪ್ಪತ್ತರ ನಡುವಿನವರೆಗೆ, ಹೆಂಗಸರಲ್ಲಿ ಕೆಲವು ವರ್ಷ ತಡವಾಗಿ ಕಾಣಿಸಿಕೊಳ್ಳುತ್ತದೆ. ಈ ವಯಸ್ಸಿನ ವಿಷಯವನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಅದು ಮತ್ತೆ ಬರುತ್ತದೆ.

ಜ್ವರಕ್ಕೂ ಬುದ್ಧಿಗೂ ಸಂಬಂಧವಿದೆ ಎಂಬುದು ನಮ್ಮ ಹಿರಿಯರಿಗೆ ಹೊಸತಲ್ಲ. ಇಲಿಜ್ವರವೋ ಡೆಂಗೆಯೋ ವಿಪರೀತವಾದಾಗ ರೋಗಿ ಏನೇನೋ ಬಡಬಡಿಸುವುದಕ್ಕೆ ‘ಸನ್ನಿ’ ಎಂಬ ಹೆಸರೇ ಇದೆ. ಆದರೆ ಸನ್ನಿಯಲ್ಲಿ ಎಚ್ಚರವೇ ಮಂಜಾಗಿರುತ್ತದೆ, ದಿನ ರಾತ್ರಿ ತಿಳಿಯುವುದಿಲ್ಲ, ಜ್ವರ ಇಳಿದಾಗ ಅದೂ ಇಳಿಯುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಎಚ್ಚರ ಪೂರ್ತಿ ಇರುತ್ತದೆ; ಇಂದು ಯಾವ ವಾರ ಎಂದು ಕೇಳಿದರೆ ಹುಡುಗ ಸರಿಯಾಗಿಯೇ ಹೇಳುತ್ತಾನೆ, ಆದರೂ ದನಿ ಕೇಳುತ್ತಿರುತ್ತದೆ.

1918ರ ಇನ್‌ಫ್ಲುಯೆಂಜಾ ಮಹಾಮಾರಿಯ ಬಳಿಕ ಅಮೆರಿಕದ ಬೋಸ್ಟನ್ನಿನಲ್ಲಿ ಕಾರ್ಲ್ ಮೆನಿಂಜರ್ ಎಂಬ ಯುವ ವೈದ್ಯ ಇವೆರಡರ ನಡುವಿನ ಒಂದು ಸಂಗತಿಯನ್ನು ಗಮನಿಸಿದನು. ಜ್ವರ ಬಿಟ್ಟ ಮೇಲೂ ಕೆಲವರಲ್ಲಿ ಸ್ಕಿಜೋಫ್ರೇನಿಯಾವನ್ನೇ ಹೋಲುವ ಲಕ್ಷಣಗಳು ಉಳಿದಿದ್ದವು. 1919ರಲ್ಲಿ ಅವನು ಅಂಥ ರೋಗಿಗಳ ಬಗ್ಗೆ ಬರೆದನು. ಮುಂದಿನ ವರ್ಷಗಳಲ್ಲಿ ಅವರಲ್ಲಿ ಹಲವರು ಚೇತರಿಸಿಕೊಂಡರು, ಮತ್ತು ಈ ಕಾಯಿಲೆ ಒಮ್ಮೆ ಬಂದರೆ ಇಳಿಮುಖವೇ ಗತಿ ಎಂಬ ಅಂದಿನ ನಂಬಿಕೆಯನ್ನು ಅದು ಅಲುಗಾಡಿಸಿತು. ಅದಕ್ಕೂ ಸ್ವಲ್ಪ ಮೊದಲು, 1913ರಲ್ಲಿ, ಹುಚ್ಚಾಸ್ಪತ್ರೆಗಳಲ್ಲಿ ತುಂಬಿಕೊಂಡಿದ್ದ ಒಂದು ಬಗೆಯ ರೋಗಿಗಳ ಮಿದುಳಿನಲ್ಲಿ ನೊಗುಚಿ ಮತ್ತು ಮೂರ್ ಎಂಬಿಬ್ಬರು ಸಿಫಿಲಿಸ್ ರೋಗಾಣುವನ್ನೇ ಕಂಡುಹಿಡಿದಿದ್ದರು. ಪೆನಿಸಿಲಿನ್ ಬಂದ ಮೇಲೆ ಆ ಬಗೆಯ ಹುಚ್ಚು ಹೆಚ್ಚುಕಡಿಮೆ ಇಲ್ಲವೇ ಆಯಿತು. ಮನಸ್ಸಿನ ಕಾಯಿಲೆ ಎಂದು ಕರೆಯುತ್ತಿದ್ದ ಒಂದು ಇಡೀ ಗುಂಪು ಹೀಗೆ ಸೋಂಕಿನ ಖಾತೆಗೆ ಸರಿದದ್ದು ಸಣ್ಣ ಮಾತಲ್ಲ.

ಆಮೇಲೆ ಬಹುಕಾಲ ಈ ದಾರಿಯಲ್ಲಿ ಹೆಚ್ಚು ಜನ ನಡೆಯಲಿಲ್ಲ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿ ಈ ಕಾಯಿಲೆಗೆ ಕೆಲಸ ಮಾಡುತ್ತದೆ ಎಂದು ಕಂಡುಬಂತು. ಅಂಥ ಔಷಧಿಗಳು ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಸಂದೇಶಗಳನ್ನು ತಡೆಯುತ್ತವೆ ಎಂದು ಆಮೇಲೆ ತಿಳಿಯಿತು. ಮುಂದಿನ ಐವತ್ತು ವರ್ಷ ಡೋಪಮೈನೇ ಕಥೆಯ ನಾಯಕನಾಯಿತು. ಅದು ಸುಳ್ಳು ಕಥೆಯಲ್ಲ. ಇಂದಿಗೂ ರೋಗಿಗಳಿಗೆ ದನಿಗಳಿಂದ ಬಿಡುಗಡೆ ಕೊಡುತ್ತಿರುವುದು ಹೆಚ್ಚಾಗಿ ಆ ಔಷಧಿಗಳೇ. ಆದರೆ ಸುಮಾರು ಮೂರನೇ ಒಂದು ಭಾಗದ ರೋಗಿಗಳಿಗೆ ಅವುಗಳಿಂದ ಸಾಕಷ್ಟು ಗುಣ ಸಿಗುವುದಿಲ್ಲ, ಮತ್ತು ಡೋಪಮೈನ್ ಯಾಕೆ ಹದ ತಪ್ಪಿತು ಎಂಬುದಕ್ಕೆ ಡೋಪಮೈನ್ ತಾನೇ ಉತ್ತರ ಹೇಳುವುದಿಲ್ಲ.

ಈಗ ಆ ತಾಯಿಯ ಪ್ರಶ್ನೆಗೆ ನೇರವಾಗಿ ಬರೋಣ. 1957ರ ಇನ್‌ಫ್ಲುಯೆಂಜಾ ಹರಡಿದಾಗ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಬಸುರಿಯರಾಗಿದ್ದವರ ಮಕ್ಕಳ ದಾಖಲೆಗಳನ್ನು ನೋಡಿ, ಗರ್ಭದ ನಡುವಿನ ಮೂರು ತಿಂಗಳಲ್ಲಿ ಆ ಜ್ವರದ ಕಾಲವನ್ನು ದಾಟಿದ ಮಕ್ಕಳಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಹೆಚ್ಚು ಎಂದು 1988ರಲ್ಲಿ ಒಂದು ಅಧ್ಯಯನ ಹೇಳಿತು. ಅದು ದೊಡ್ಡ ಸುದ್ದಿಯಾಯಿತು. ಆದರೆ ಆ ಅಧ್ಯಯನಕ್ಕೆ ಒಂದು ಮಿತಿ ಇತ್ತು: ಯಾವ ತಾಯಿಗೆ ನಿಜವಾಗಿ ಜ್ವರ ಬಂದಿತ್ತು ಎಂಬುದು ಅದರಲ್ಲಿ ಗೊತ್ತಿರಲಿಲ್ಲ, ಊರಿನಲ್ಲಿ ಜ್ವರ ಇದ್ದ ಕಾಲ ಮಾತ್ರ ಗೊತ್ತಿತ್ತು. ಬೇರೆ ಬೇರೆ ದೇಶಗಳ ಲೆಕ್ಕಗಳನ್ನು ಒಟ್ಟುಮಾಡಿ 2010ರಲ್ಲಿ ಮರಳಿ ನೋಡಿದಾಗ, 1957ರ ಜ್ವರಕ್ಕೂ ಈ ಕಾಯಿಲೆಗೂ ಸಂಬಂಧ ಕಾಣಲಿಲ್ಲ. ನ್ಯೂಯಾರ್ಕಿನ ಆಲನ್ ಬ್ರೌನ್ ಮತ್ತು ಸಂಗಡಿಗರು ಬೇರೊಂದು ದಾರಿ ಹಿಡಿದು, ಬಸುರಿಯರಿಂದ ತೆಗೆದು ಶೈತ್ಯದಲ್ಲಿ ಇಟ್ಟಿದ್ದ ರಕ್ತದಲ್ಲಿಯೇ ಇನ್‌ಫ್ಲುಯೆಂಜಾದ ಪ್ರತಿಕಾಯಗಳನ್ನು, ಅಂದರೆ ಆ ರೋಗಾಣುವಿನ ವಿರುದ್ಧ ಮೈ ತಯಾರಿಸುವ ಪ್ರೊಟೀನುಗಳನ್ನು, ಹುಡುಕಿ, 2004ರಲ್ಲಿ ಸಂಬಂಧ ಇರುವ ಸೂಚನೆಯನ್ನು ಮತ್ತೆ ಮುಂದಿಟ್ಟರು. ರುಬೆಲ್ಲಾ ಮತ್ತು ಟಾಕ್ಸೊಪ್ಲಾಸ್ಮಾ ಸೋಂಕುಗಳ ವಿಷಯದಲ್ಲಿಯೂ ಇಂಥ ಸೂಚನೆಗಳಿವೆ.

ಇಷ್ಟೊಂದು ಬೇರೆ ಬೇರೆ ರೋಗಾಣುಗಳು ಒಂದೇ ಪರಿಣಾಮ ಹೇಗೆ ಮಾಡಿಯಾವು? ಇದಕ್ಕೆ ಉತ್ತರ ಸಿಕ್ಕಿದ್ದು ಇಲಿಗಳಲ್ಲಿ. ಕ್ಯಾಲಿಫೋರ್ನಿಯಾದ ಪಾಲ್ ಪ್ಯಾಟರ್‌ಸನ್ ಅವರ ಪ್ರಯೋಗಶಾಲೆ ಗರ್ಭಿಣಿ ಇಲಿಗಳಿಗೆ ಯಾವ ವೈರಸ್ಸನ್ನೂ ಕೊಡದೆ, ರಕ್ಷಣಾ ವ್ಯವಸ್ಥೆಯ ಸಂದೇಶವಾಹಕಗಳಲ್ಲಿ ಒಂದಾದ ಇಂಟರ್‌ಲ್ಯೂಕಿನ್-6 ಎಂಬ ಪ್ರೊಟೀನನ್ನು ಮಾತ್ರ ಒಂದು ಸಲ ಚುಚ್ಚಿತು. ಮರಿಗಳು ದೊಡ್ಡವಾದಾಗ ಅವುಗಳ ನಡವಳಿಕೆ ಬದಲಾಗಿತ್ತು. ಇನ್ನೊಂದು ಗುಂಪಿನಲ್ಲಿ ಸೋಂಕನ್ನು ಅನುಕರಿಸುವ ವಸ್ತುವನ್ನು ಕೊಟ್ಟು, ಜೊತೆಗೆ ಇಂಟರ್‌ಲ್ಯೂಕಿನ್-6 ಕೆಲಸ ಮಾಡದಂತೆ ತಡೆದಾಗ, ಆ ಬದಲಾವಣೆಗಳು ಹೆಚ್ಚಿನ ಮಟ್ಟಿಗೆ ಬರಲಿಲ್ಲ. 2007ರಲ್ಲಿ ಪ್ರಕಟವಾದ ಈ ಪ್ರಯೋಗ ಹೇಳಿದ್ದು ಇಷ್ಟು: ಮರಿಯ ಮಿದುಳನ್ನು ಮುಟ್ಟಿದ್ದು ರೋಗಾಣುವಲ್ಲ, ರೋಗಾಣುವಿನ ವಿರುದ್ಧ ತಾಯಿಯ ಮೈ ಕೊಟ್ಟ ಪ್ರತಿಕ್ರಿಯೆ. ಇಲಿಗೆ ದನಿ ಕೇಳುತ್ತದೆಯೇ ಎಂದು ಯಾರೂ ಹೇಳಲಾರರು; ಹಾಗಾಗಿ ಇದನ್ನು ಸ್ಕಿಜೋಫ್ರೇನಿಯಾ ಎನ್ನಲಾಗದು. ದಾರಿ ಹೀಗಿರಬಹುದು ಎಂಬುದನ್ನು ಅದು ತೋರಿಸಿತು.

ಮಿದುಳಿನೊಳಗೆ ರಕ್ಷಣೆಯ ಕೆಲಸ ಮಾಡುವ ಕೋಶಗಳ ಹೆಸರು ಮೈಕ್ರೋಗ್ಲಿಯಾ. 1919ರಲ್ಲಿ ಸ್ಪೇನಿನ ಪಿಯೊ ಡೆಲ್ ರಿಯೊ ಒರ್ತೆಗಾ ಇವುಗಳನ್ನು ಗುರುತಿಸಿ ಹೆಸರಿಟ್ಟನು. ಭ್ರೂಣ ಇನ್ನೂ ಬಹಳ ಸಣ್ಣದಿರುವಾಗಲೇ ಇವು ಮಿದುಳನ್ನು ಸೇರಿ, ಅಲ್ಲಿಯೇ ನೆಲೆಸುತ್ತವೆ. ರಕ್ತದ ಬಿಳಿಕಣಗಳ ದೂರದ ನೆಂಟರು ಎನ್ನಬಹುದು. ತೆಳುವಾದ ಕೈಗಳನ್ನು ಚಾಚುತ್ತಾ, ಎಳೆದುಕೊಳ್ಳುತ್ತಾ ಸುತ್ತಲಿನ ಜಾಗವನ್ನು ಬಿಡದೆ ತಡಕುವುದು ಇವುಗಳ ದಿನಚರಿ. ಸತ್ತ ಕೋಶದ ಚೂರು, ರೋಗಾಣು, ಏನು ಸಿಕ್ಕಿದರೂ ನುಂಗುತ್ತವೆ. ಮಿದುಳು ರಕ್ಷಣಾ ವ್ಯವಸ್ಥೆಯಿಂದ ಪೂರ್ತಿ ಬೇರೆಯಾದ ಕೋಟೆ ಎಂದು ನಾವು ಪಾಠ ಮಾಡುತ್ತಿದ್ದೆವು. ಮಿದುಳಿನ ಪೊರೆಯಲ್ಲಿ, ರಕ್ಷಣಾ ಕೋಶಗಳನ್ನು ಸಾಗಿಸುವ ದುಗ್ಧರಸದ ನಾಳಗಳಿವೆ ಎಂದು 2015ರಲ್ಲಿ ಇಲಿಗಳಲ್ಲಿ ಕಂಡುಬಂದ ಮೇಲೆ ಆ ಪಾಠವನ್ನು ತಿದ್ದಬೇಕಾಯಿತು.

ಮೈಕ್ರೋಗ್ಲಿಯಾಗಳಿಗೆ ಇನ್ನೊಂದು ಕೆಲಸವಿದೆ, ಮತ್ತು ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಹೆಚ್ಚು ಬೆಳಕು ಕೊಡುವುದು ಅದೇ. ಮಗುವಿನ ಮಿದುಳಿನಲ್ಲಿ ನರಕೋಶಗಳ ನಡುವಿನ ಸಂಧಿಗಳು ಬೇಕಾದುದಕ್ಕಿಂತ ಬಹಳ ಹೆಚ್ಚು ಇರುತ್ತವೆ. ಬಾಲ್ಯದಿಂದ ಯೌವನದವರೆಗೆ, ಅದರಲ್ಲಿಯೂ ಹದಿಹರೆಯದಲ್ಲಿ, ಬಳಕೆಯಲ್ಲಿಲ್ಲದ ಸಂಧಿಗಳನ್ನು ಕತ್ತರಿಸಿ ತೆಗೆದು ಮಿದುಳು ತನ್ನನ್ನು ಹದಗೊಳಿಸಿಕೊಳ್ಳುತ್ತದೆ. ಈ ಕತ್ತರಿಸುವಿಕೆ ಅತಿಯಾದರೆ ಸ್ಕಿಜೋಫ್ರೇನಿಯಾ ಬರಬಹುದೇ ಎಂದು ಅಮೆರಿಕದ ಇರ್ವಿನ್ ಫೈನ್‌ಬರ್ಗ್ 1982ರಲ್ಲಿಯೇ ಕೇಳಿದ್ದರು. ಕಾಯಿಲೆ ಆ ವಯಸ್ಸಿನಲ್ಲಿಯೇ ಯಾಕೆ ಬರುತ್ತದೆ ಎಂಬುದನ್ನು ಅದು ವಿವರಿಸುತ್ತಿತ್ತು. ಆಗ ಅದೊಂದು ಊಹೆ ಮಾತ್ರ. 2016ರಲ್ಲಿ ಹಾರ್ವರ್ಡಿನ ಸ್ಟೀವನ್ ಮೆಕ್‌ಕ್ಯಾರಲ್, ಬೆತ್ ಸ್ಟೀವನ್ಸ್ ಮೊದಲಾದವರು ಅದಕ್ಕೆ ನೆಲ ಒದಗಿಸಿದರು.

ಅವರು ಕಂಡುಕೊಂಡದ್ದು ಹೀಗೆ. ಸ್ಕಿಜೋಫ್ರೇನಿಯಾದ ಅಪಾಯಕ್ಕೆ ಸಂಬಂಧಿಸಿದ ವಂಶವಾಹಿ ತಾಣಗಳನ್ನು ದೊಡ್ಡ ಜನಸಂಖ್ಯೆಯಲ್ಲಿ ಹುಡುಕಿದಾಗ, 2014ರಲ್ಲಿ 108 ತಾಣಗಳು ಸಿಕ್ಕಿದ್ದವು (2022ರ ಹೊತ್ತಿಗೆ ಅವು 287 ಆದವು). ಅವುಗಳಲ್ಲಿ ಬಲವಾದ ಗುರುತುಗಳಲ್ಲೊಂದು ಇದ್ದದ್ದು ಆರನೆಯ ವರ್ಣತಂತುವಿನಲ್ಲಿ, ರಕ್ಷಣಾ ವ್ಯವಸ್ಥೆಯ ವಂಶವಾಹಿಗಳು ಒತ್ತಾಗಿ ಸೇರಿಕೊಂಡಿರುವ ಜಾಗದಲ್ಲಿ. ಆ ಗುರುತಿನ ಒಂದು ಮುಖ್ಯ ಪಾಲು ‘ಸಿ4’ ಎಂಬ ವಂಶವಾಹಿಯದ್ದು. ಸಿ4 ಪ್ರೊಟೀನು ರಕ್ತದಲ್ಲಿ ಮಾಡುವ ಕೆಲಸ ರೋಗಾಣುವಿಗೆ ಗುರುತು ಹಾಕುವುದರಲ್ಲಿ ಭಾಗಿಯಾಗುವುದು. ಗುರುತು ಬಿದ್ದದ್ದನ್ನು ಕಬಳಿಕೆ ಕೋಶಗಳು ನುಂಗುತ್ತವೆ. ಮಿದುಳಿನಲ್ಲಿಯೂ ಇದೇ ಗುರುತು ನರಸಂಧಿಗಳ ಮೇಲೆ ಬೀಳುತ್ತದೆ, ಮತ್ತು ಗುರುತು ಬಿದ್ದ ಸಂಧಿಯನ್ನು ಮೈಕ್ರೋಗ್ಲಿಯಾ ನುಂಗುತ್ತದೆ. ಹಳೆಯ ತೋಟದಲ್ಲಿ ಕಡಿಯಬೇಕಾದ ಅಡಿಕೆಮರಗಳಿಗೆ ಯಜಮಾನರು ಮೊದಲೇ ಸುಣ್ಣದ ಗೆರೆ ಎಳೆದಿಡುತ್ತಾರೆ. ಮರುದಿನ ಬರುವ ಕೆಲಸದವರು ಮರದ ಫಲ ನೋಡುವುದಿಲ್ಲ, ಗೆರೆ ನೋಡುತ್ತಾರೆ, ಕಡಿಯುತ್ತಾರೆ. ಸುಣ್ಣ ಬಳಿಯುವವನ ಕೈ ಸ್ವಲ್ಪ ಧಾರಾಳವಾದರೆ ಫಲ ಕೊಡುವ ಮರಗಳೂ ಹೋಗುತ್ತವೆ. ಸಿ4ಎ ಎಂಬ ಬಗೆಯನ್ನು ಹೆಚ್ಚಾಗಿ ತಯಾರಿಸುವ ವಂಶವಾಹಿ ರೂಪ ಇರುವವರಲ್ಲಿ ಸ್ಕಿಜೋಫ್ರೇನಿಯಾದ ಸಂಭವ ತುಸು ಹೆಚ್ಚು ಎಂಬುದು ಆ ಸಂಶೋಧನೆಯ ಸಾರ.

‘ತುಸು’ ಎಂಬ ಪದವನ್ನು ನಾನು ಉದ್ದೇಶಪೂರ್ವಕವಾಗಿಯೇ ಬಳಸಿದ್ದೇನೆ. ಈ ರೂಪ ಇರುವ ಬಹುತೇಕ ಎಲ್ಲರೂ ಆರೋಗ್ಯವಾಗಿಯೇ ಇರುತ್ತಾರೆ. ಅವಳಿಗಳ ಅಧ್ಯಯನಗಳು ಈ ಕಾಯಿಲೆಯಲ್ಲಿ ವಂಶದ ಪಾಲು 80 ಶೇಕಡಾದಷ್ಟು ದೊಡ್ಡದು ಎನ್ನುತ್ತವೆ. ಆದರೂ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಇದ್ದಾಗ ಇನ್ನೊಬ್ಬರಿಗೂ ಬರುವುದು ಅರ್ಧಕ್ಕಿಂತ ಕಡಿಮೆ ಸಲ.

ಉರಿಯೂತದಿಂದ ದನಿ ಕೇಳುವವರೆಗಿನ ಕೊಂಡಿ ಯಾವುದು ಎಂಬ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ, ಅದು ರಸಾಯನಶಾಸ್ತ್ರದ ಕಡೆಯಿಂದ ಬಂದದ್ದು. ಅರಿವಳಿಕೆಗೆ ಬಳಸುವ ಕೆಟಮೈನ್ ಎಂಬ ಔಷಧಿ ಆರೋಗ್ಯವಂತರಲ್ಲಿಯೂ ಸ್ವಲ್ಪ ಹೊತ್ತು ಸ್ಕಿಜೋಫ್ರೇನಿಯಾದಂಥ ಲಕ್ಷಣಗಳನ್ನು ತರಬಲ್ಲದು. ಅದು ತಡೆಯುವುದು ನರಕೋಶಗಳ ಮೇಲಿರುವ ‘ಎನ್‌ಎಂಡಿಎ’ ಎಂಬ ಗ್ರಾಹಕವನ್ನು, ಅಂದರೆ ರಾಸಾಯನಿಕ ಸಂದೇಶವನ್ನು ಹಿಡಿಯುವ ಪ್ರೊಟೀನನ್ನು. ಉರಿಯೂತ ಇದ್ದಾಗ ಆಹಾರದಿಂದ ಬಂದ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ ಬೇರೊಂದು ಹಾದಿಗೆ ತಿರುಗುತ್ತದೆ, ಮತ್ತು ಆ ಹಾದಿಯಲ್ಲಿ ಉತ್ಪತ್ತಿಯಾಗುವ ಕೈನ್ಯುರೆನಿಕ್ ಆಮ್ಲವೂ ಅದೇ ಗ್ರಾಹಕವನ್ನು ತಡೆಯುತ್ತದೆ. ಸ್ಕಿಜೋಫ್ರೇನಿಯಾ ಇರುವವರ ಬೆನ್ನುಹುರಿಯ ದ್ರವದಲ್ಲಿ ಈ ಆಮ್ಲ ಹೆಚ್ಚಿರುವುದನ್ನು ಸ್ವೀಡನ್ನಿನ ಸಂಶೋಧಕರು 2001ರಲ್ಲಿ ತೋರಿಸಿದರು. ಒಂದೇ ಬಾಗಿಲು, ಬೇರೆ ಬೇರೆ ಬೀಗಗಳು.

ಆ ಬಾಗಿಲಿಗೆ ಮೂರನೆಯ ಬೀಗವೂ ಇದೆ, ಮತ್ತು ಇದನ್ನು ಓದುವವರು ಬೇರೆಲ್ಲ ಮರೆತರೂ ಇದನ್ನು ಮರೆಯಬಾರದು. 2007ರಲ್ಲಿ ಜೋಸೆಪ್ ದಾಲ್ಮಾವ್ ಎಂಬ ನರತಜ್ಞರು ಹೊಸ ಬಗೆಯ ಮಿದುಳು ಜ್ವರವೊಂದನ್ನು ವಿವರಿಸಿದರು. ಅದರಲ್ಲಿ ರೋಗಿಯ ಮೈ ತನ್ನದೇ ಎನ್‌ಎಂಡಿಎ ಗ್ರಾಹಕಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಹೆಚ್ಚಾಗಿ ಯುವತಿಯರಲ್ಲಿ, ಕೆಲವೊಮ್ಮೆ ಅಂಡಾಶಯದ ಗೆಡ್ಡೆಯೊಂದರ ಜೊತೆಗೆ ಬರುವ ಈ ಕಾಯಿಲೆ ಶುರುವಾಗುವುದು ತಲೆನೋವು, ಸಣ್ಣ ಜ್ವರದಿಂದ. ಆಮೇಲೆ ಕೆಲವೇ ದಿನಗಳಲ್ಲಿ ಭಯ, ಅನುಮಾನ, ಇಲ್ಲದ ದನಿ. ಆಮೇಲೆ ಅಪಸ್ಮಾರ, ಬಾಯಿ ಮತ್ತು ಕೈಗಳ ವಿಚಿತ್ರ ಚಲನೆ, ಮಾತು ನಿಲ್ಲುವುದು, ಎಚ್ಚರ ಮಂಜಾಗುವುದು. ಮೊದಲ ವಾರ ನೋಡಿದವರಿಗೆ ಇದು ಹುಚ್ಚು ಎಂದೇ ಕಾಣುತ್ತದೆ. ನಮ್ಮ ಕಡೆಯಲ್ಲಾದರೆ ಮೈಮೇಲೆ ಬಂದದ್ದು ಎಂದೂ ಕಾಣಬಹುದು. ಬೆನ್ನಿನಿಂದ ನೀರು ತೆಗೆದು ಪ್ರತಿಕಾಯ ಹುಡುಕಿದರೆ ತಿಳಿಯುತ್ತದೆ. ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್, ಪ್ಲಾಸ್ಮಾ ಬದಲಾವಣೆ ಮುಂತಾದ ಚಿಕಿತ್ಸೆಗಳಿವೆ. 2013ರಲ್ಲಿ ಪ್ರಕಟವಾದ 577 ರೋಗಿಗಳ ವರದಿಯಲ್ಲಿ ಐವರಲ್ಲಿ ನಾಲ್ವರು ಎರಡು ವರ್ಷಗಳೊಳಗೆ ಚೆನ್ನಾಗಿ ಚೇತರಿಸಿಕೊಂಡಿದ್ದರು. ಆದ್ದರಿಂದ ಬುದ್ಧಿ ಹದ ತಪ್ಪಿದ್ದು ತಿಂಗಳುಗಳಲ್ಲಿ ಅಲ್ಲ, ದಿನಗಳಲ್ಲಿ ಎಂದಾದರೆ, ಅಥವಾ ಜೊತೆಗೆ ಜ್ವರ, ಅಪಸ್ಮಾರ, ಎಚ್ಚರ ತಪ್ಪುವುದು ಇದ್ದರೆ, ಪ್ರಶ್ನೆ ಇಡಿಸುವುದಕ್ಕೂ ಮೊದಲು, ಮನೋವೈದ್ಯರ ಸರದಿಗೆ ಕಾಯುವುದಕ್ಕೂ ಮೊದಲು, ನರತಜ್ಞರಿರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಇಂಥ ಹುಡುಗಿಯೊಬ್ಬಳು ಚಿಕಿತ್ಸೆ ಸಿಗದೆ ಕೋಣೆಯೊಳಗೆ ಬಾಗಿಲು ಹಾಕಿಸಿಕೊಂಡು ಇರುವ ಸಾಧ್ಯತೆಯನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಆದರೆ ಇದು ಬೇರೆಯೇ ಕಾಯಿಲೆ. ಸಾಮಾನ್ಯ ಸ್ಕಿಜೋಫ್ರೇನಿಯಾದಲ್ಲಿ ಉರಿಯೂತದ ಪಾಲು ಎಷ್ಟು ಎಂಬುದಕ್ಕೆ ಸಾಕ್ಷ್ಯ ಇಷ್ಟು ನೇರವಾಗಿಲ್ಲ. ಡೆನ್ಮಾರ್ಕಿನ ರಾಷ್ಟ್ರೀಯ ದಾಖಲೆಗಳನ್ನು ಆಧರಿಸಿದ 2011ರ ಅಧ್ಯಯನ, ಸೋಂಕಿಗಾಗಿ ಆಸ್ಪತ್ರೆ ಸೇರಿದ್ದವರಲ್ಲಿ ಮುಂದೆ ಸ್ಕಿಜೋಫ್ರೇನಿಯಾದ ಅಪಾಯ 60 ಶೇಕಡಾ, ಸ್ವರಕ್ಷಣೆಯೇ ತಿರುಗಿಬೀಳುವ ಕಾಯಿಲೆಗಳಿದ್ದವರಲ್ಲಿ 29 ಶೇಕಡಾ ಹೆಚ್ಚು ಎಂದಿತು. ಇಂಗ್ಲೆಂಡಿನ ಬ್ರಿಸ್ಟಲ್ ಪ್ರದೇಶದ ಮಕ್ಕಳನ್ನು ಹುಟ್ಟಿನಿಂದ ಅನುಸರಿಸಿದ ಅಧ್ಯಯನದಲ್ಲಿ, 9ನೇ ವಯಸ್ಸಿನಲ್ಲಿ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಹೆಚ್ಚಿದ್ದ ಮಕ್ಕಳಲ್ಲಿ 18ನೇ ವಯಸ್ಸಿನ ಹೊತ್ತಿಗೆ ದನಿ ಕೇಳುವಂಥ ಅನುಭವಗಳು ಸುಮಾರು ಎರಡು ಪಟ್ಟು ಕಂಡವು. ಕಾಯಿಲೆ ಶುರುವಾಗುವ ಮೊದಲೇ ರಕ್ತ ತೆಗೆದದ್ದು ಇದರ ಬಲ. ಆದರೆ ಈಗಾಗಲೇ ರೋಗಿಗಳಾದವರ ರಕ್ತದಲ್ಲಿ ಉರಿಯೂತದ ಗುರುತುಗಳು ಹೆಚ್ಚಿದ್ದರೆ ಅದನ್ನು ಎಚ್ಚರದಿಂದ ಓದಬೇಕು. ಅವರಲ್ಲಿ ಬೀಡಿ, ಸಿಗರೇಟು ಸೇದುವವರು ಹೆಚ್ಚು, ಔಷಧಿಯಿಂದ ಮೈ ದಪ್ಪಗಾಗುತ್ತದೆ, ನಿದ್ರೆ ಕೆಟ್ಟಿರುತ್ತದೆ, ಇವೆಲ್ಲವೂ ಅದೇ ಗುರುತುಗಳನ್ನು ಏರಿಸುತ್ತವೆ. ಇನ್ನೊಂದು ಅಚ್ಚರಿಯೂ ಇದೆ: ಹುಟ್ಟಿನಿಂದಲೇ ಸಿಆರ್‌ಪಿ ಎಂಬ ಉರಿಯೂತದ ಗುರುತು ತುಸು ಹೆಚ್ಚಿರುವಂಥ ವಂಶವಾಹಿ ರೂಪದವರಲ್ಲಿ ಸ್ಕಿಜೋಫ್ರೇನಿಯಾದ ಅಪಾಯ ಹೆಚ್ಚುವ ಬದಲು ಕಡಿಮೆ ಎಂದು 2017ರಲ್ಲಿ ಕಂಡುಬಂತು. ಎಳವೆಯ ಸೋಂಕುಗಳನ್ನು ಬೇಗ ಎದುರಿಸಬಲ್ಲ ಮೈ ಮಿದುಳಿಗೂ ರಕ್ಷಣೆ ಕೊಡುತ್ತದೆಯೇನೋ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ರಕ್ಷಣಾ ವ್ಯವಸ್ಥೆ ಚುರುಕಾಗಿದ್ದರೆ ಕೆಟ್ಟದ್ದು, ತಣ್ಣಗಿದ್ದರೆ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜೀವಂತ ಮಿದುಳಿನಲ್ಲಿ ಮೈಕ್ರೋಗ್ಲಿಯಾಗಳ ಚಟುವಟಿಕೆಯನ್ನು ನೋಡಲು ಬಳಸುವ ಪೆಟ್ ಸ್ಕ್ಯಾನ್‌ಗಳೂ ಒಮ್ಮೆ ಹೆಚ್ಚು ಎಂದವು, ಇನ್ನೊಮ್ಮೆ ಕಡಿಮೆ ಎಂದವು.

ಸಿದ್ಧಾಂತಕ್ಕೆ ನಿಜವಾದ ಪರೀಕ್ಷೆ ಔಷಧಿಯಲ್ಲಿದೆ. ಉರಿಯೂತವೇ ಕಾರಣವಾದರೆ ಉರಿಯೂತ ತಗ್ಗಿಸುವ ಮದ್ದು ಗುಣ ಕೊಡಬೇಕು. ಮಾಮೂಲಿ ಚಿಕಿತ್ಸೆಯ ಜೊತೆಗೆ ಸೆಲೆಕಾಕ್ಸಿಬ್ ಕೊಟ್ಟಾಗ 2002ರಲ್ಲಿ, ಆಸ್ಪಿರಿನ್ ಕೊಟ್ಟಾಗ 2010ರಲ್ಲಿ, ಸ್ವಲ್ಪ ಹೆಚ್ಚು ಗುಣ ಕಂಡಿತು. ಮಿನೊಸೈಕ್ಲಿನ್ ಎಂಬ ಹಳೆಯ ಆಂಟಿಬಯೋಟಿಕ್ ಬಗ್ಗೆಯೂ ಆರಂಭದಲ್ಲಿ ದೊಡ್ಡ ಭರವಸೆ ಇತ್ತು. ಬ್ರಿಟನ್ನಿನಲ್ಲಿ 207 ಮಂದಿಯ ಮೇಲೆ ಒಂದು ವರ್ಷ ನಡೆಸಿ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅದರಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ಇಂಟರ್‌ಲ್ಯೂಕಿನ್-6ರ ಗ್ರಾಹಕವನ್ನೇ ತಡೆಯುವ ಟೊಸಿಲಿಜುಮಾಬ್ ಕೂಡ ಒಂದು ಸಣ್ಣ ಪರೀಕ್ಷೆಯಲ್ಲಿ ಕೆಲಸ ಮಾಡಲಿಲ್ಲ. ಆಸ್ಪಿರಿನ್‌ನ ಮುಂದಿನ ಪರೀಕ್ಷೆಗಳೂ ನಿರಾಶೆಯನ್ನೇ ತಂದವು.

ಹಾಗಾದರೆ ಸಿದ್ಧಾಂತ ಬಿದ್ದುಹೋಯಿತೇ? ನನಗೆ ಹಾಗೆ ಅನಿಸುವುದಿಲ್ಲ. ಸ್ಕಿಜೋಫ್ರೇನಿಯಾ ಎಂಬುದು ಒಂದೇ ಕಾಯಿಲೆಯಲ್ಲ, ಬೇರೆ ಬೇರೆ ದಾರಿಗಳಿಂದ ಬಂದು ಒಂದೇ ಅಂಗಳದಲ್ಲಿ ಸೇರಿದ ಹಲವು ಕಾಯಿಲೆಗಳು ಎಂಬ ಅಭಿಪ್ರಾಯ ಈಗ ಬಲವಾಗುತ್ತಿದೆ. ಕೆಲವರಲ್ಲಿ ಮಾತ್ರ ಉರಿಯೂತದ ದಾರಿ ಮುಖ್ಯವಾಗಿದ್ದರೆ, ಎಲ್ಲರಿಗೂ ಒಂದೇ ಮಾತ್ರೆ ಕೊಟ್ಟು ಸರಾಸರಿ ತೆಗೆದಾಗ ಆ ಕೆಲವರ ಗುಣ ಲೆಕ್ಕದಲ್ಲಿ ಕರಗಿಹೋಗುತ್ತದೆ. ಗರ್ಭದಲ್ಲಿಯೋ ಹದಿಹರೆಯದಲ್ಲಿಯೋ ಸಂಧಿಗಳು ಕತ್ತರಿಸಿಹೋದ ಬಳಿಕ, ಹತ್ತು ವರ್ಷ ಕಳೆದು ಉರಿಯೂತ ತಗ್ಗಿಸಿದರೆ ಕಡಿದ ಮರ ಮತ್ತೆ ಚಿಗುರುವುದೂ ಇಲ್ಲ. ಆದ್ದರಿಂದ ಅರಸಿನ, ಕಷಾಯ, ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆ ಇವುಗಳಿಂದ ಈ ಕಾಯಿಲೆ ಇಳಿಯುತ್ತದೆ ಎಂದು ಹೇಳುವವರ ಮಾತು ಕೇಳಿ ಮನೋವೈದ್ಯರ ಮದ್ದನ್ನು ನಿಲ್ಲಿಸಬಾರದು. ಮದ್ದು ನಿಂತರೆ ಕಾಯಿಲೆ ಮರಳುವ ಸಂಭವ ಬಹಳ ಹೆಚ್ಚು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿ ಮಂಗಳೂರಿನ ದಾರಿ ಕಡಿದಾಗ, ತಿಂಗಳ ಮಾತ್ರೆ ಮುಗಿದ ಮನೆಗಳ ಆತಂಕವನ್ನು ನಾವು ಹತ್ತಿರದಿಂದ ಕಂಡಿದ್ದೇವೆ.

ರಕ್ತಪರೀಕ್ಷೆಯಿಂದ ಸ್ಕಿಜೋಫ್ರೇನಿಯಾವನ್ನು ಪತ್ತೆಮಾಡುವ ಕಾಲ ಇನ್ನೂ ಬಂದಿಲ್ಲ. ಇಂದಿಗೂ ವೈದ್ಯರ ಕೈಯಲ್ಲಿರುವ ಮುಖ್ಯ ಉಪಕರಣ ರೋಗಿಯ ಮಾತು. ದನಿ ಏನು ಹೇಳುತ್ತದೆ, ಆಲೋಚನೆಯ ಕೊಂಡಿ ಎಲ್ಲಿ ತಪ್ಪುತ್ತದೆ, ನಂಬಿಕೆ ಎಷ್ಟು ಬಿಗಿಯಾಗಿದೆ ಎಂಬುದು ರೋಗಿ ತನ್ನ ಭಾಷೆಯಲ್ಲಿ ಮಾತಾಡಿದಾಗ ಮಾತ್ರ ಕಾಣುತ್ತದೆ. 1956ರಿಂದ ಕೇರಳದಲ್ಲಿರುವ ಕಾಸರಗೋಡಿನ ಕನ್ನಡದ, ತುಳುವಿನ, ಹವ್ಯಕ ಮನೆಗಳ ಮಕ್ಕಳು ಮಲಯಾಳವನ್ನು ವ್ಯವಹಾರಕ್ಕೆ ಬಲ್ಲರು. ಆದರೆ ರಾತ್ರಿ ಕೇಳುವ ದನಿ ಮನೆಮಾತಿನಲ್ಲಿ ಬೈಯುತ್ತದೆ. ಅದನ್ನು ಇನ್ನೊಂದು ಭಾಷೆಗೆ ತಿರುಗಿಸುವಾಗ ತಪ್ಪಿದ ಕೊಂಡಿ ತಾನಾಗಿಯೇ ಸರಿಹೋದಂತೆ ಕಾಣಬಹುದು. ಜೊತೆಗೆ ಹೋಗುವವರು ರೋಗಿಯ ಮಾತನ್ನು ಚೆಂದಗೊಳಿಸದೆ, ಇದ್ದ ಹಾಗೆಯೇ ಹೇಳಬೇಕು. ಕನ್ನಡದಲ್ಲಿಯೂ ಮಾತಾಡಬಹುದಾದ ‘ಟೆಲಿ ಮಾನಸ್’ ಎಂಬ ಕೇಂದ್ರ ಸರಕಾರದ ಉಚಿತ ಸಹಾಯವಾಣಿ 2022ರಿಂದ ಇದೆ, ಸಂಖ್ಯೆ 14416.

ಆ ತಾಯಿಗೆ ನಾನು ಆಮೇಲೆ ಒಂದು ಲೆಕ್ಕ ಹೇಳಿದೆ. “ಅಕ್ಕ, ಜೀವಮಾನದಲ್ಲಿ ನೂರು ಮಕ್ಕಳಲ್ಲಿ ಒಬ್ಬನಿಗೆ ಈ ಕಾಯಿಲೆ ಬರುತ್ತದೆ ಎಂದು ಇಟ್ಟುಕೊಳ್ಳಿ. ಬಸುರಿಯ ಜ್ವರದಿಂದ ಅದು ಎರಡು ಪಟ್ಟಾಗುತ್ತದೆ ಎಂದೇ ಇಟ್ಟುಕೊಳ್ಳಿ. ಆಗಲೂ ಜ್ವರ ಬಂದ ನೂರು ತಾಯಂದಿರ ಮಕ್ಕಳಲ್ಲಿ ತೊಂಬತ್ತೆಂಟು ಮಂದಿಗೆ ಏನೂ ಆಗುವುದಿಲ್ಲ. ಆದ ಇಬ್ಬರಲ್ಲಿಯೂ ಒಬ್ಬನಿಗೆ ಜ್ವರ ಇಲ್ಲದಿದ್ದರೂ ಬರುತ್ತಿತ್ತು. ನಿಮ್ಮ ಮಗ ಅವರಲ್ಲಿ ಯಾರು ಎಂದು ಹೇಳುವ ಪರೀಕ್ಷೆ ಭೂಮಿಯ ಮೇಲೆ ಇಲ್ಲ. ಜ್ವರ ನೀವು ತರಿಸಿಕೊಂಡದ್ದೂ ಅಲ್ಲ.” ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. “ಆದರೂ ಡಾಕ್ಟ್ರಿಗೆ ಹೇಳಬೇಕಲ್ಲ?” ಎಂದರು. ಹೇಳಬೇಕು ಎಂದೆ.

ಅಡಿಕೆಯ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅವರು ಈಗ ಮಗನ ಲೆಕ್ಕವನ್ನೂ ಕನ್ನಡದಲ್ಲಿ ಬರೆಯುತ್ತಾರೆ: ಮಾತ್ರೆ ತಪ್ಪಿದ ದಿನ, ನಿದ್ರೆ ಬಂದ ಗಂಟೆ, ದನಿ ಕೇಳಿತೆಂದು ಹೇಳಿದ ರಾತ್ರಿ, ಜ್ವರ ಬಂದಿದ್ದರೆ ಎಷ್ಟು ದಿನ. ಕಳೆದ ಸಲ ಅವರೊಂದಿಗೆ ನಾನೂ ಬಸ್ಸು ಹತ್ತಿದೆ. ವೈದ್ಯರು ಪುಸ್ತಕವನ್ನು ಕೈಗೆ ತೆಗೆದುಕೊಂಡು ಮೊದಲ ಹಾಳೆಯಿಂದ ಓದಿದರು. ಅಲ್ಲಿ ಐದನೇ ತಿಂಗಳ ಜ್ವರವೂ ಇತ್ತು. ಆ ಸಾಲಿನ ಮೇಲೆ ಅವರ ಬೆರಳು ಒಂದು ಕ್ಷಣ ನಿಂತಿತು. ಮತ್ತೆ ಹಾಳೆ ಮಗುಚಿ, ಹುಡುಗನ ಕಡೆಗೆ ತಿರುಗಿ, ಈ ವಾರ ನಿದ್ರೆ ಹೇಗಿದೆ ಎಂದು ಕೇಳಿದರು.